ಚಳಿಗಾಲದ ಮೆಣಸಿನಕಾಯಿ ಒಟ್ಲು: ಮೊಳೆಯುವವರೆಗೆ ಕಾವು, ಮೊಳೆತ ಮೇಲೆ ಬೆಳಕು



ಬೆಳೆಯುವ ಸಿರಿ ಮೊಳಕೆಯಲ್ಲಿ ಎಂಬ ಗಾದೆ ಮೆಣಸಿನಕಾಯಿಗೆ ಒಪ್ಪುವಷ್ಟು ಬೇರೆ ಬೆಳೆಗೆ ಒಪ್ಪಲಾರದು. ರಾಗಿ ಪೈರು ಒಟ್ಲಿನಲ್ಲಿ ಸ್ವಲ್ಪ ಸೊರಗಿದರೂ ಹೊಲದಲ್ಲಿ ಚೇತರಿಸಿಕೊಳ್ಳುತ್ತದೆ. ಮೆಣಸಿನ ಸಸಿ ಹಾಗಲ್ಲ. ಒಟ್ಲಿನಲ್ಲಿ ಬಡವಾದದ್ದು, ಇಲ್ಲವೇ ರೋಗ ಅಂಟಿಸಿಕೊಂಡದ್ದು, ಕೊನೆಯವರೆಗೂ ನಿಮ್ಮ ನೀರು ಗೊಬ್ಬರ ತಿಂದು ಕಾಯಿ ಕೊಡದೆ ನಿಲ್ಲುತ್ತದೆ.

ಕಡೂರು ತಾಲ್ಲೂಕಿನ ಪಂಚನಹಳ್ಳಿ ಸುತ್ತಿನದು ಬಯಲುಸೀಮೆಯ ಬೇಸಾಯ. ಮುಂಗಾರಿನ ಮೋಡ ಪಶ್ಚಿಮದ ಬೆಟ್ಟಗಳಲ್ಲೇ ಬಹುಪಾಲು ಸುರಿದು, ನಮ್ಮ ಕಡೆಗೆ ಬರುವಾಗ ಬರಿದಾಗಿರುತ್ತದೆ. ಕೊಳವೆ ಬಾವಿ ಇರುವವರು ಜನವರಿ ಕೊನೆಗೆ ಮೆಣಸಿನಕಾಯಿ ನಾಟಿ ಮಾಡಿ, ಬೇಸಿಗೆಯಲ್ಲಿ ಹಸಿಕಾಯಿ ಮಾರಬೇಕೆಂದು ಹವಣಿಸುತ್ತಾರೆ. ಅದಕ್ಕೆ ಡಿಸೆಂಬರ್ ನಡುವಿನಲ್ಲೇ ಒಟ್ಲು ಹಾಕಬೇಕು. ವರ್ಷದ ಅತಿ ಚಳಿಯ ದಿನಗಳೂ ಅವೇ. ಬೀಜ ಎರಡು ವಾರ ತಡವಾಗಿ ಮೊಳೆತರೆ ನಾಟಿ ಎರಡು ವಾರ ಹಿಂದೆ ಬೀಳುತ್ತದೆ. ಹೂವು ಕಚ್ಚಬೇಕಾದ ಕಾಲಕ್ಕೆ ಬಿಸಿಲು 35 ಡಿಗ್ರಿ ಮುಟ್ಟಿದರೆ ಹೂ ಉದುರುತ್ತದೆ. ಬಾವಿಯ ನೀರು ಇಳಿಯುವ ಕಾಲದಲ್ಲಿ ಎರಡು ವಾರದ ಹೆಚ್ಚಿನ ನೀರೂ ಬೇಕಾಗುತ್ತದೆ. ಆದ್ದರಿಂದ ಚಳಿಗಾಲದ ಒಟ್ಲಿನ ಗುಟ್ಟನ್ನು ತಿಳಿದುಕೊಳ್ಳುವುದು ಲಾಭದ ಮಾತು.

ಬೀಜಕ್ಕೆ ಬೇಕಾದ ಕಾವು

ಮೆಣಸಿನಕಾಯಿ ನಮ್ಮ ನಾಡಿನಲ್ಲಿ ಹುಟ್ಟಿದ ಗಿಡವಲ್ಲ. ಮೆಕ್ಸಿಕೋ ಕಡೆಯ ಬೆಚ್ಚನೆಯ ನೆಲ ಅದರ ತವರು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಮೂಲಕ ಇಲ್ಲಿಗೆ ಬಂತು. ತವರಿನ ಗುಣ ಬೀಜದಲ್ಲಿ ಇನ್ನೂ ಉಳಿದಿದೆ. ಮಣ್ಣಿನ ಉಷ್ಣತೆ 25ರಿಂದ 30 ಡಿಗ್ರಿ ಇದ್ದರೆ ಅದು ಸುಮಾರು ಎಂಟು ದಿನದಲ್ಲಿ ಹೊರಗೆ ಬರುತ್ತದೆ. 20 ಡಿಗ್ರಿಯಲ್ಲಿ ಹನ್ನೆರಡು ಹದಿಮೂರು ದಿನ ಬೇಕು. 15 ಡಿಗ್ರಿಗೆ ಇಳಿದರೆ ಇಪ್ಪತ್ತೈದು ದಿನವೂ ಹಿಡಿಯುತ್ತದೆ. 10 ಡಿಗ್ರಿಯಲ್ಲಿ ಮೊಳೆಯುವುದೇ ಇಲ್ಲ.

ಇಪ್ಪತ್ತೈದು ದಿನ ಒದ್ದೆ ಮಣ್ಣಿನಲ್ಲಿ ಬಿದ್ದಿರುವ ಬೀಜ ಸುಮ್ಮನೆ ಕಾಯುತ್ತಾ ಕೂರುವುದಿಲ್ಲ. ಒಂದಷ್ಟು ಕೊಳೆಯುತ್ತದೆ, ಒಂದಷ್ಟನ್ನು ಇರುವೆ ಹೊತ್ತೊಯ್ಯುತ್ತದೆ. ಉಳಿದದ್ದು ಇಂದೊಂದು ನಾಳೆಯೊಂದು ಎಂದು ಹುಟ್ಟಿ, ಒಂದೇ ಎತ್ತರದ ಸಸಿ ಸಿಗದಂತಾಗುತ್ತದೆ.

ಲೆಕ್ಕ ಹಾಕಿ ನೋಡಿ. ಸಾಲಿನಿಂದ ಸಾಲಿಗೆ 75 ಸೆಂಟಿಮೀಟರ್, ಗಿಡದಿಂದ ಗಿಡಕ್ಕೆ 45 ಸೆಂಟಿಮೀಟರ್ ಬಿಟ್ಟರೆ ಎಕರೆಗೆ ಸುಮಾರು 12,000 ಸಸಿ ಬೇಕು. ಹತ್ತು ಗ್ರಾಂ ಪೊಟ್ಟಣದಲ್ಲಿ ಸುಮಾರು 1,500 ಬೀಜ ಇದ್ದೀತು. ನೂರಕ್ಕೆ 80 ಹುಟ್ಟಿದರೆ ಹತ್ತು ಪೊಟ್ಟಣ ಸಾಕು. 50 ಮಾತ್ರ ಹುಟ್ಟಿದರೆ ಹದಿನಾರು ಪೊಟ್ಟಣ ಬೇಕು. ಹೈಬ್ರಿಡ್ ಬೀಜ ಕೊಳ್ಳುವವರಿಗೆ ಆ ಆರು ಪೊಟ್ಟಣದ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ.

ಮೊದಲು ಬೀಜದ ಪರೀಕ್ಷೆ

ಪ್ರಮಾಣಿತ ಮೆಣಸಿನಕಾಯಿ ಬೀಜಕ್ಕೆ ಕಾನೂನು ಕೇಳುವ ಮೊಳಕೆ ಪ್ರಮಾಣ ಕನಿಷ್ಠ ಶೇಕಡಾ 60 ಮಾತ್ರ. ಆದ್ದರಿಂದ ಮನೆಯ ಬೀಜವಾಗಲಿ, ಅಂಗಡಿಯ ಬೀಜವಾಗಲಿ, ಒಟ್ಲು ಹಾಕುವ ಎರಡು ವಾರ ಮೊದಲೇ ಪರೀಕ್ಷಿಸಿಕೊಳ್ಳಿ. ನೂರು ಬೀಜ ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚನೆಯ ಜಾಗದಲ್ಲಿಡಿ. ಬೀಜ ದುಬಾರಿಯಾದರೆ ಐವತ್ತು ಸಾಕು. ಹತ್ತನೆಯ ದಿನ ಎಣಿಸಿದರೆ ಎಷ್ಟು ಬೀಜ ಹಾಕಬೇಕೆಂಬುದು ಗೊತ್ತಾಗುತ್ತದೆ. ಎರಡು ವರ್ಷ ದಾಟಿದ ಬೀಜವನ್ನು ಪರೀಕ್ಷಿಸದೆ ಹಾಕಲೇಬೇಡಿ.

ಮನೆಯೊಳಗೆ ಮೊಳಕೆ ಕಟ್ಟುವುದು

ಮನೆಯಲ್ಲೇ ಉಳಿಸಿಕೊಂಡ ಬೀಜಕ್ಕೆ ಈ ಕ್ರಮ ಸುಲಭ. ಸಂಜೆ ಬೀಜವನ್ನು ಉಗುರು ಬೆಚ್ಚನೆಯ ನೀರಿನಲ್ಲಿ ನೆನೆಹಾಕಿ. ತೇಲುವ ಜೊಳ್ಳನ್ನು ತೆಗೆದುಹಾಕಿ. ಬೆಳಿಗ್ಗೆ ನೀರು ಬಸಿದು, ಕಿಲೋ ಬೀಜಕ್ಕೆ 10 ಗ್ರಾಂನಂತೆ ಟ್ರೈಕೋಡರ್ಮಾ ಪುಡಿ ಬೆರೆಸಿ, ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. ರಾಗಿ ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು ಮೇಲೆ ಗೋಣಿ ಮುಚ್ಚಿ. ಬುಟ್ಟಿಯನ್ನು ಬಚ್ಚಲ ಒಲೆಯಿಂದ ಮೂರು ನಾಲ್ಕು ಅಡಿ ದೂರದಲ್ಲೋ, ಅಡಿಗೆ ಮನೆಯ ಬೆಚ್ಚನೆಯ ಮೂಲೆಯಲ್ಲೋ ಇಡಬಹುದು.

ಕಾವು ಎಷ್ಟಿರಬೇಕು? ನಮ್ಮ ಮೈಯ ಬಿಸಿ ಸುಮಾರು 37 ಡಿಗ್ರಿ. ಗಂಟಿನೊಳಗೆ ಬೆರಳಿಟ್ಟಾಗ ಬಿಸಿ ಎನಿಸಿದರೆ ಬೀಜಕ್ಕೆ ಅದು ಅತಿಯಾಯಿತು. ತಣ್ಣಗೆ ಕೊರೆದರೆ ಸಾಲದು. ಗೊಬ್ಬರದ ಗುಂಡಿಯಲ್ಲಿ ಗಂಟನ್ನು ಹೂಳುವುದು ಅಪಾಯ. ಹಸಿ ಗೊಬ್ಬರ ಕುದಿಯುವಾಗ ಒಳಗಿನ ಕಾವು 60 ಡಿಗ್ರಿ ದಾಟಬಹುದು, ಬೀಜ ಬೆಂದೇ ಹೋಗುತ್ತದೆ.

ಗಂಟಿನ ಮೇಲೆ ದಿನಕ್ಕೆ ಎರಡು ಸಲ ನೀರು ಚಿಮುಕಿಸಿ. ನಾಲ್ಕನೆಯ ದಿನದಿಂದ ಬಿಚ್ಚಿ ನೋಡುತ್ತಿರಿ. ಬಿಳಿಯ ಮೊಳಕೆ ತುದಿ ಇಣುಕಿದ ದಿನವೇ ಬಿತ್ತಬೇಕು. ಬೇರು ಉದ್ದವಾದರೆ ಕೈಯಲ್ಲಿ ಮುರಿಯುತ್ತದೆ. ಒಣ ಮರಳು ಬೆರೆಸಿ, ಆರು ಅಂಗುಲ ಎತ್ತರದ ಏರುಮಡಿಯಲ್ಲಿ ಮೂರು ಅಂಗುಲಕ್ಕೊಂದು ಗೀರು ಎಳೆದು, ಅರ್ಧ ಸೆಂಟಿಮೀಟರ್ ಆಳಕ್ಕೆ ಉದುರಿಸಿ. ಮಡಿಯ ಮೇಲೆ ರಾಗಿ ಹುಲ್ಲು ಹೊದಿಸಿ. ರಾತ್ರಿ ಪಾಲಿಥೀನ್ ಹಾಳೆಯನ್ನೂ ಹೊದಿಸಿದರೆ ಮಡಿ ಬೆಚ್ಚಗಿರುತ್ತದೆ. ಆದರೆ ಬಿಸಿಲೇರುವ ಮೊದಲು ಹಾಳೆ ತೆಗೆಯಲೇಬೇಕು.

ಟ್ರೇ ಜೋಡಿಸಿ ಕಾವು ಕೊಡುವುದು

ಹೈಬ್ರಿಡ್ ಬೀಜಕ್ಕೆ ಸಾಮಾನ್ಯವಾಗಿ ಬಣ್ಣದ ಔಷಧಿ ಲೇಪನ ಇರುತ್ತದೆ. ಅದನ್ನು ನೆನೆಹಾಕಿದರೆ ಔಷಧಿ ತೊಳೆದು ಹೋಗುತ್ತದೆ. ಬರಿಗೈಯಲ್ಲಿ ಮುಟ್ಟುವುದೂ, ಅಡಿಗೆ ಮನೆಯಲ್ಲಿಡುವುದೂ ಕೂಡದು. ಇಂಥ ಬೀಜಕ್ಕೆ 98 ಗುಳಿಯ ಪ್ಲಾಸ್ಟಿಕ್ ಟ್ರೇ ಉತ್ತಮ. ಮಾಗಿದ ತೆಂಗಿನ ನಾರಿನ ಪುಡಿ ತುಂಬಿ, ಹದವಾಗಿ ನೆನೆಸಿ, ಗುಳಿಗೊಂದು ಬೀಜ ಹಾಕಿ ಮುಚ್ಚಿ. ಟ್ರೇಗಳನ್ನು ಒಂದರ ಮೇಲೊಂದರಂತೆ ಹತ್ತು ಜೋಡಿಸಿ, ಮೇಲೊಂದು ಖಾಲಿ ಟ್ರೇ ಇಟ್ಟು, ಸುತ್ತ ಪಾಲಿಥೀನ್ ಹಾಳೆ ಸುತ್ತಿ, ಗಾಳಿಯಾಡದ ಕೋಣೆಯಲ್ಲಿಡಿ. ಒಳಗಿನ ತೇವವೂ ಕಾವೂ ಹೊರಗೆ ಹೋಗುವುದಿಲ್ಲ. ಮೊಳೆಯುವವರೆಗೆ ಮತ್ತೆ ನೀರು ಬೇಕಾಗಿಲ್ಲ.

ನಾರಿನ ಪುಡಿಯ ಬಗ್ಗೆ ಒಂದು ಎಚ್ಚರಿಕೆ. ಅರಸೀಕೆರೆ, ತಿಪಟೂರು ಕಡೆಯ ನಾರಿನ ಕಾರ್ಖಾನೆಗಳ ಬಳಿ ಈ ಪುಡಿ ರಾಶಿ ಬಿದ್ದಿರುತ್ತದೆ ಎಂದು ಹಸಿಯಾಗಿಯೇ ತಂದು ತುಂಬಬೇಡಿ. ಅದರಲ್ಲಿ ಉಪ್ಪಿನಂಶ, ಒಗರಿನಂಶ ಹೆಚ್ಚು. ತೊಳೆದು, ಕಳಿಸಿ, ಕಪ್ಪಗೆ ಮಾಗಿದ ಪುಡಿಯನ್ನೇ ಬಳಸಿ.

ಬೆಳಕು ತಪ್ಪಿದರೆ ಕಾವೇ ಶತ್ರು

ಹಿಮ ಬೀಳುವ ನಾಡುಗಳಲ್ಲಿ ಮೆಣಸಿನಕಾಯಿ ಬೆಳೆಯುವವರು ಬೀಜವನ್ನು ಮನೆಯೊಳಗೇ ಹಾಕುತ್ತಾರೆ. ಕೆಳಗೆ ವಿದ್ಯುತ್ ಕಾವಿನ ಹಾಸು, ಮೇಲೆ ದಿನಕ್ಕೆ 14ರಿಂದ 16 ಗಂಟೆ ದೀಪದ ಬೆಳಕು. ಬೀಜ ಮೊಳೆತ ಕೂಡಲೇ ಕಾವನ್ನು ತಗ್ಗಿಸಿ ಬೆಳಕನ್ನು ಹೆಚ್ಚಿಸುತ್ತಾರೆ. ನಾವು ಕಲಿಯಬೇಕಾದದ್ದು ಈ ಕೊನೆಯ ಮಾತನ್ನು. ದೀಪದ ಖರ್ಚು ನಮಗೆ ಬೇಡ. ಡಿಸೆಂಬರ್‌ನ ಅತಿ ಚಿಕ್ಕ ಹಗಲಿನಲ್ಲೂ ಇಲ್ಲಿ ಹನ್ನೊಂದು ಗಂಟೆಗೂ ಮೀರಿ ಬೆಳಕಿದೆ, ಅದೂ ಯಾವ ದೀಪಕ್ಕೂ ಸರಿಸಾಟಿಯಲ್ಲದ ಬಿಸಿಲು.

ಬೆಚ್ಚಗಿದ್ದು ಕತ್ತಲಿದ್ದರೆ ಸಸಿ ಬೆಳಕು ಹುಡುಕಿಕೊಂಡು ನೀಳವಾಗಿ ಎದ್ದು, ಬಿಳಿಚಿ, ತೊಗಲು ದಾರದಂತೆ ಬಾಗುತ್ತದೆ. ಅಂಥದ್ದು ಮತ್ತೆ ಗಟ್ಟಿಯಾಗುವುದಿಲ್ಲ. ಆದ್ದರಿಂದ ಟ್ರೇ ಜೋಡಿಸಿದ ಐದನೆಯ ದಿನದಿಂದ ಬೆಳಿಗ್ಗೆ ಸಂಜೆ ತೆಗೆದು ನೋಡಿ. ಅಲ್ಲಲ್ಲಿ ಮೊಳಕೆ ಬಾಗಿದ ಕೊಕ್ಕೆಯಂತೆ ಮೇಲೆದ್ದು ಕಂಡರೆ, ಎಲ್ಲವೂ ಬರಲಿ ಎಂದು ಕಾಯದೆ ಅಂದೇ ಟ್ರೇಗಳನ್ನು ಬಯಲಿಗೆ ಹರಡಿ. ಏರುಮಡಿಯ ಹುಲ್ಲನ್ನೂ ಹಾಗೆಯೇ ಮೊಳಕೆ ಕಂಡ ದಿನ ಸಂಜೆ ತೆಗೆಯಿರಿ. ಒಂದು ದಿನದ ಉದಾಸೀನ ಇಡೀ ಒಟ್ಲನ್ನು ಕೆಡಿಸಬಲ್ಲದು.

ನಮ್ಮ ಕಡೆ ನೀರು ಹತ್ತಿರವೆಂದು ತೆಂಗಿನ ತೋಟದೊಳಗೆ ಒಟ್ಲು ಹಾಕುವ ವಾಡಿಕೆ ಉಂಟು. ಬೇಸಿಗೆಯ ಒಟ್ಲಿಗೆ ನೆರಳು ಹಿತ. ಡಿಸೆಂಬರ್‌ನಲ್ಲಿ ಆ ನೆರಳು ಬೆಳಕನ್ನೂ ಕದಿಯುತ್ತದೆ, ಬೆಳಗಿನ ಬಿಸಿಲಿನ ಕಾವನ್ನೂ ತಡೆಯುತ್ತದೆ. ತೋಟದ ಹೊರಗೆ, ಬೆಳಿಗ್ಗೆಯಿಂದಲೇ ಬಿಸಿಲು ಬೀಳುವ ತೆರಪಿನಲ್ಲಿ ಒಟ್ಲು ಇರಲಿ.

ಪರದೆ ಕಟ್ಟದೆ ಬಿಡಬೇಡಿ

ಎಲೆ ಮುದುರು ರೋಗದ ವೈರಸ್ಸನ್ನು ಬಿಳಿ ನೊಣ ತರುತ್ತದೆ. ಥ್ರಿಪ್ಸ್ ನುಸಿ ರಸ ಹೀರಿದರೆ ಎಲೆ ಮೇಲಕ್ಕೆ ಮುದುರುತ್ತದೆ, ಮೈಟ್ ನುಸಿಯಿಂದ ಕೆಳಕ್ಕೆ ಮುದುರುತ್ತದೆ. 2021ರಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ರಾಜ್ಯದ ಮೆಣಸಿನಕಾಯಿ ಹೊಲಗಳಿಗೆ ಹೊಸ ಜಾತಿಯ ಥ್ರಿಪ್ಸ್ ನುಗ್ಗಿ ಹೂವನ್ನೇ ಹಾಳು ಮಾಡಿತು. ವೈರಸ್ ಒಳಹೊಕ್ಕ ಗಿಡಕ್ಕೆ ಔಷಧಿಯಿಲ್ಲ. ಎಳೆಯದರಲ್ಲೇ ಹೊಕ್ಕರೆ ನಷ್ಟ ಹೆಚ್ಚು.

ಆದುದರಿಂದ ಬಿದಿರು ದಬ್ಬೆ ಬಗ್ಗಿಸಿ, 40ರಿಂದ 50 ಮೆಶ್‌ನ ಬಿಳಿ ನೈಲಾನ್ ಪರದೆಯನ್ನು ಒಟ್ಲು ಹಾಕಿದ ದಿನವೇ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ. ಟ್ರೇಗಳಾದರೆ ಹೊರಗೆ ಹರಡಿದ ಕೂಡಲೇ ಪರದೆಯೊಳಗೆ ಇರಬೇಕು. ಈ ಪರದೆ ಕೀಟ ತಡೆಯುವಂಥದು. ಹಸಿರು ನೆರಳು ಬಲೆ ಅದರ ಕೆಲಸ ಮಾಡದು. ಹಳೆಯ ಮೆಣಸಿನಕಾಯಿ, ಟೊಮ್ಯಾಟೊ ತಾಕಿನ ಪಕ್ಕ ಒಟ್ಲು ಬೇಡ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತೇಜಸ್ವಿ, ಅರ್ಕಾ ಯಶಸ್ವಿ, ಅರ್ಕಾ ತನ್ವಿ, ಅರ್ಕಾ ಸಾನ್ವಿ, ಅರ್ಕಾ ಗಗನ್ ಹೈಬ್ರಿಡ್‌ಗಳಿಗೆ ಮುದುರು ವೈರಸ್ಸನ್ನು ತಡೆಯುವ ಶಕ್ತಿಯಿದೆ. ಆದರೂ ನುಸಿಯ ಕಾಟಕ್ಕಾಗಿ ಪರದೆ ಬೇಕೇ ಬೇಕು.

ನೀರು ಮತ್ತು ಆರೈಕೆ

ಚಳಿಗಾಲದಲ್ಲಿ ಸಂಜೆ ನೀರು ಕೊಟ್ಟರೆ ಸಸಿ ರಾತ್ರಿಯೆಲ್ಲಾ ಒದ್ದೆಯಾಗಿದ್ದು ಬುಡ ಕೊಳೆತು ಬೀಳುತ್ತದೆ. ಬೆಳಿಗ್ಗೆ ಒಂಬತ್ತರ ಮೇಲೆ ಕೊಡಿ. ರಾತ್ರಿ ತೊಟ್ಟಿಯಲ್ಲಿ ತಣಿದ ನೀರಿಗಿಂತ ಆಗತಾನೆ ಕೊಳವೆ ಬಾವಿಯಿಂದ ಬಂದ ನೀರು ಬೆಚ್ಚಗಿರುತ್ತದೆ, ಅದನ್ನೇ ಬಳಸಿ. ಸಸಿ ಬಿದ್ದ ಕಡೆ ಲೀಟರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಕರಗಿಸಿ ಬುಡಕ್ಕೆ ಸುರಿಯಿರಿ. ಟ್ರೇ ಸಸಿಗೆ ಬಿತ್ತಿದ 12ನೆಯ ಹಾಗೂ 20ನೆಯ ದಿನಗಳ ಸುಮಾರಿಗೆ ಲೀಟರಿಗೆ 3 ಗ್ರಾಂನಂತೆ 19:19:19 ಗೊಬ್ಬರದ ನೀರು ಸಾಕು. ಹೆಚ್ಚಾದರೆ ಸಸಿ ಕೊಬ್ಬಿ ಮೆತ್ತಗಾಗುತ್ತದೆ.

ಟ್ರೇ ಸಸಿ 35 ದಿನಕ್ಕೆ, ಮಡಿಯ ಸಸಿ 40ರಿಂದ 45 ದಿನಕ್ಕೆ ನಾಟಿಗೆ ಬರುತ್ತದೆ. ಕೊನೆಯ ವಾರ ನೀರು ಕಡಿಮೆ ಮಾಡಿ ಸಸಿಯನ್ನು ಗಟ್ಟಿಗೊಳಿಸಿ. ಕಾಂಡ ಮೋಟಾಗಿ, ಎಲೆ ಕಡು ಹಸಿರಾಗಿ, ಕೈಯಲ್ಲಿ ಹಿಡಿದರೆ ಬಾಗದೆ ನಿಲ್ಲುವ ಸಸಿಯನ್ನಷ್ಟೇ ಹೊಲಕ್ಕೆ ಒಯ್ಯಿರಿ. ಮುದುರಿದ್ದನ್ನು ಕಿತ್ತು ಸುಟ್ಟುಬಿಡಿ.

ಪರದೆ, ಟ್ರೇ, ಬೀಜದ ಬಗ್ಗೆ ಏನೇ ಸಂದೇಹವಿದ್ದರೂ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಕಡೂರಿನ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ. ಬೀಜ ಕೊಳ್ಳುವಾಗ ರಸೀದಿ ಪಡೆದು, ಖಾಲಿ ಪೊಟ್ಟಣವನ್ನೂ ಬೆಳೆ ಮುಗಿಯುವವರೆಗೆ ಜೋಪಾನವಾಗಿ ಇಟ್ಟುಕೊಳ್ಳಿ.