ವರ್ಣತಂತುಗಳ ಸೆರಗಿನ ಕುಚ್ಚು

ಕಾಶಿಯೆಂದೊಡನೆ ನಮ್ಮವರಿಗೆ ನೆನಪಾಗುವುದು ಗಂಗಾಸ್ನಾನ, ವಿಶ್ವನಾಥನ ದರ್ಶನ, ಮರಳುವಾಗ ಕೊಳ್ಳುವ ಬನಾರಸ್ ಸೀರೆ. ಅಲ್ಲಿಯ ಹಿಂದೂ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗವು ವರ್ಣತಂತುಗಳ ಅಧ್ಯಯನಕ್ಕೆ ಹೆಸರಾದುದೆಂಬುದನ್ನು ಅರಿತ ಯಾತ್ರಿಕರು ವಿರಳ. ಆ ಪರಂಪರೆಯನ್ನು ಬೆಳೆಸಿದ ಪ್ರೊಫೆಸರ್ ಎಸ್. ಪಿ. ರಾಯ್‌ಚೌಧುರಿಯವರು ತರುಣರಾಗಿದ್ದಾಗ ಎಡಿನ್‌ಬರೋದಲ್ಲಿ ಎಚ್. ಜೆ. ಮುಲ್ಲರರ ಬಳಿ ಸಂಶೋಧನೆ ನಡೆಸಿದವರು. ಕ್ಷ-ಕಿರಣ ತಾಗಿದ ಹಣ್ಣುನೊಣಗಳಲ್ಲಿ ವರ್ಣತಂತುಗಳು ತುಂಡಾಗಿ ಮತ್ತೆ ಬೆಸೆದುಕೊಳ್ಳುತ್ತಿದ್ದರೂ ಅವುಗಳ ಸಹಜವಾದ ತುದಿಗಳು ಮಾತ್ರ ಹಾಗೆ ಬೆಸೆಯುತ್ತಿರಲಿಲ್ಲ. 1938ರಲ್ಲಿ ಮುಲ್ಲರರು ಆ ತುದಿಗೆ ‘ಟೆಲೊಮಿಯರ್’ ಎಂದು ಹೆಸರಿಟ್ಟರು.

ಸೀರೆಯ ಸೆರಗಿಗೆ ಕುಚ್ಚು ಕಟ್ಟದಿದ್ದರೆ ನೇಯ್ಗೆ ಬಿಚ್ಚಿಕೊಳ್ಳುವುದಷ್ಟೆ? ಇಲ್ಲಿಯ ಅಪಾಯ ಅದಕ್ಕಿಂತ ದೊಡ್ಡದು. ಮುರಿದ ಡಿ.ಎನ್.ಎ.ಯನ್ನು ಬೆಸೆಯುವ ವ್ಯವಸ್ಥೆಯೊಂದು ಜೀವಕೋಶದಲ್ಲಿ ಸದಾ ಎಚ್ಚರದಿಂದಿರುತ್ತದೆ. ಸಹಜ ತುದಿಯನ್ನೂ ಮುರಿತವೆಂದೇ ಭ್ರಮಿಸಿ ಎರಡು ವರ್ಣತಂತುಗಳನ್ನು ಅದು ಜೋಡಿಸಿಬಿಟ್ಟರೆ ಕೋಶದ ಲೆಕ್ಕವೆಲ್ಲ ತಲೆಕೆಳಗು. ಇದನ್ನು ತಡೆಯುವವು ಆರು ಪ್ರೋಟೀನುಗಳು. ಈ ಕೂಟಕ್ಕೆ 2005ರಲ್ಲಿ ಟಿಟಿಯಾ ಡಿ ಲಾಂಗೆ ಎಂಬ ವಿಜ್ಞಾನಿ ‘ಶೆಲ್ಟರಿನ್’ ಎಂದು ಹೆಸರಿಟ್ಟರು.

ಮಾನವನ ವರ್ಣತಂತುವಿನ ತುದಿಯಲ್ಲಿ ‘ಟಿಟಿಎಜಿಜಿಜಿ’ ಎಂಬ ಆರಕ್ಷರದ ಪಾಠ ನೂರಾರು ಸಾರಿ, ಒಮ್ಮೊಮ್ಮೆ ಸಾವಿರಕ್ಕೂ ಮಿಕ್ಕಿ ಪುನರಾವರ್ತನೆಯಾಗುತ್ತದೆ. ಜೋಡಿ ಎಳೆಯ ಮೇಲಿನ ಈ ಪಾಠವನ್ನು ಗುರುತಿಸಿ ಟಿಆರ್‌ಎಫ್-1, ಟಿಆರ್‌ಎಫ್-2 ಎಂಬ ಪ್ರೋಟೀನುಗಳು ಹಿಡಿಯುತ್ತವೆ. ಕೊನೆಯಲ್ಲಿ ಒಂಟಿಯಾಗಿ ಚಾಚಿದ ಎಳೆಯನ್ನು ಪಾಟ್-1 ಹಿಡಿಯುತ್ತದೆ. ಟಿನ್-2 ಮತ್ತು ಟಿಪಿಪಿ-1 ಇವೆರಡೂ ಪಕ್ಷಗಳ ನಡುವಿನ ಸೇತುವೆ. ರಾಪ್-1 ಎಂಬುದು ಟಿಆರ್‌ಎಫ್-2ರ ಸಂಗಾತಿ. ಟಿಆರ್‌ಎಫ್-2ರ ನೆರವಿನಿಂದ ಒಂಟಿ ಎಳೆಯು ಹಿಂದಕ್ಕೆ ಬಾಗಿ ಜೋಡಿ ಎಳೆಯೊಳಗೆ ಹುದುಗುತ್ತದೆ; ತುದಿಯೇ ಕಾಣದಂತಾಗುತ್ತದೆ.

ಕೋಶ ವಿಭಜನೆಯಾದಂತೆಲ್ಲ ಟೆಲೊಮಿಯರು ಕಿರಿದಾಗುತ್ತದೆ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಇದು ಸವಕಳಿ. ಅದನ್ನು ತುಂಬಿಕೊಡುವ ಟೆಲೊಮರೇಸ್ ಎಂಬ ಕಿಣ್ವದ ಸಂಶೋಧನೆಗೆ 2009ರ ನೊಬೆಲ್ ಪಾರಿತೋಷಕದಲ್ಲಿ ಪಾಲು ಸಂದಿತು. ಟೆಲೊಮಿಯರನ್ನು ಬೆಳೆಸಿ ಮುಪ್ಪನ್ನು ತಡೆಯುವ ಮಾತ್ರೆಗಳೆಂಬ ಜಾಹೀರಾತುಗಳು ಈಚೆಗೆ ನಗರಗಳಲ್ಲಿ ಕಾಣಿಸುತ್ತಿವೆ. ಜಮಾ ಬದಿಯನ್ನಷ್ಟೇ ತೋರಿಸಿ ಖರ್ಚಿನ ಬದಿಯನ್ನು ಮರೆಮಾಚಿದ ಲೆಕ್ಕವದು. ಅರ್ಬುದರೋಗಗಳಲ್ಲಿ ಶೇಕಡಾ 85ರಿಂದ 90ರಷ್ಟು ಇದೇ ಕಿಣ್ವವನ್ನು ಬಳಸಿಕೊಂಡೇ ಬೆಳೆಯುತ್ತವೆ. ಪಾಟ್-1ರ ಆನುವಂಶಿಕ ದೋಷವಿರುವ ಕೆಲವು ಕುಟುಂಬಗಳಲ್ಲಿ ಚರ್ಮದ ಮೆಲನೋಮಾ ಕಂಡುಬಂದಿದೆ. ಟಿನ್-2ರ ದೋಷದಿಂದ ಟೆಲೊಮಿಯರು ತೀರ ಕಿರಿದಾದವರಲ್ಲಿ ಅಸ್ಥಿಮಜ್ಜೆ ಬತ್ತಿ ರಕ್ತೋತ್ಪತ್ತಿಯೇ ಕುಂದುತ್ತದೆ.

ಒಂದೇ ಮನೆತನದಲ್ಲಿ ಹಲವರಿಗೆ ಎಳೆಯ ವಯಸ್ಸಿನಲ್ಲೇ ಕೂದಲು ನರೆತು, ಮಜ್ಜೆಯ ಕ್ಷೀಣತೆಯೋ ಶ್ವಾಸಕೋಶ ಗಡುಸಾಗುವ ರೋಗವೋ ಬಂದಿದ್ದರೆ ಆ ವಂಶವೃತ್ತಾಂತವನ್ನು ವೈದ್ಯರಿಗೆ ಹೇಳಬೇಕು. ಟೆಲೊಮಿಯರ್ ಪರೀಕ್ಷೆಗೆ ಅರ್ಥವಿರುವುದು ಅಂಥ ಸಂದರ್ಭದಲ್ಲಿ.