ಹೊಣೆ ಹೊರುವ ಮಕ್ಕಳು, ಕಡಲಾಚೆಗೆ ಹೊರಡುವ ಹೆತ್ತವರು

ಪರದೇಶದಲ್ಲಿ ನೆಲೆಸಿದ ಮಗನೋ ಮಗಳೋ ಊರಿನಲ್ಲಿರುವ ತಂದೆತಾಯಿಯರನ್ನು ಖಾಯಂ ವಾಸಕ್ಕೆ ಕರೆಸಿಕೊಳ್ಳುವುದನ್ನು ‘ಸ್ಪಾನ್ಸರ್ ಮಾಡುವುದು’ ಎನ್ನುವ ರೂಢಿ ನಮ್ಮಲ್ಲಿದೆ. ಪತ್ರಿಕೆಗಳು ಇದನ್ನು ‘ಪ್ರಾಯೋಜಕತ್ವ’ ಎಂದು ಅನುವಾದಿಸುತ್ತವೆ. ಕ್ರಿಕೆಟ್ ಪಂದ್ಯಾಟಕ್ಕೆ ಬಹುಮಾನದ ಹಣ ಕೊಟ್ಟವನೂ ಪ್ರಾಯೋಜಕನೇ, ಹೆತ್ತವರ ಮುಪ್ಪಿನ ಭಾರ ಹೊರುವವನೂ ಪ್ರಾಯೋಜಕನೇ! ಆದರೆ ಮೂಲ ಲ್ಯಾಟಿನ್ ಪದಕ್ಕೆ, ಇನ್ನೊಬ್ಬರ ಪರವಾಗಿ ಮಾತು ಕೊಟ್ಟು ಜಾಮೀನು ನಿಲ್ಲುವವನು ಎಂಬ ಅರ್ಥವಿದೆ. ಜ್ಞಾನಸ್ನಾನದಲ್ಲಿ ಮಗುವಿನ ಪರವಾಗಿ ನಿಲ್ಲುವ ಜ್ಞಾನ ತಂದೆತಾಯಿಯರನ್ನೂ ಇಂಗ್ಲಿಷಿನಲ್ಲಿ ಇದೇ ಪದದಿಂದ ಕರೆಯುವುದುಂಟು. ಈ ಹಳೆಯ ಅರ್ಥವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಇಂದು ನಮ್ಮ ಅನೇಕ ಕುಟುಂಬಗಳ ಮುಂದಿರುವ ಪ್ರಶ್ನೆ ಸ್ಪಷ್ಟವಾಗುತ್ತದೆ.

ಕರಾವಳಿಯ ಕಥೊಲಿಕ ಕುಟುಂಬಗಳಿಗೆ ಈ ಪದದ ಪರಿಚಯವಾದದ್ದು ಕೊಲ್ಲಿ ರಾಷ್ಟ್ರಗಳ ಮೂಲಕ. ಅಲ್ಲಿ ಹೊಣೆಗಾರನೆಂದರೆ ಉದ್ಯೋಗದಾತ, ಅರಬ್ಬಿಯಲ್ಲಿ ‘ಕಫೀಲ್’. ಉದ್ಯೋಗವಿರುವಷ್ಟು ಕಾಲ ವಾಸ, ಅದು ಮುಗಿದ ಮೇಲೆ ಊರಿನ ಹಾದಿ. ಜೀವಮಾನದ ಬಹುಭಾಗವನ್ನು ಕುವೈತಿನಲ್ಲಿ ಸವೆಸಿದವರೂ ಹಾಗೆಯೇ ಮರಳಿದರು. ಆದ್ದರಿಂದಲೇ ಅವರು ಗಳಿಸಿದ ಹಣ ಇಲ್ಲಿ ಮನೆಯಾಯಿತು, ತೋಟವಾಯಿತು. ಅವರ ಮಕ್ಕಳು ಕೆನಡಾಕ್ಕೆ ಹೋದಾಗ ಈ ಲೆಕ್ಕ ತಲೆಕೆಳಗಾಯಿತು. ಅಲ್ಲಿ ಮಕ್ಕಳು ಖಾಯಂ ನಿವಾಸಿಗಳಾಗುತ್ತಾರೆ. ಊರಿನ ಮನೆ ಯಾರಿಗೆ, ಅದರಲ್ಲಿ ಉಳಿದ ಇಬ್ಬರು ವೃದ್ಧರನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಹುಟ್ಟುತ್ತದೆ.

ಕೆನಡಾದ ಕಾನೂನಿನ ಪ್ರಕಾರ ಹೆತ್ತವರನ್ನು ಕರೆಸಿಕೊಳ್ಳುವ ಮಗ ಸರ್ಕಾರಕ್ಕೆ ಒಂದು ಮುಚ್ಚಳಿಕೆ ಬರೆದುಕೊಡಬೇಕು. ಅದರ ಅವಧಿ 20 ವರ್ಷ. ಕ್ವಿಬೆಕ್ ಪ್ರಾಂತ್ಯದಲ್ಲಿ ಮಾತ್ರ 10. 2014ಕ್ಕೆ ಮೊದಲು ಎಲ್ಲೆಡೆಯೂ 10 ವರ್ಷವೇ ಇತ್ತು. ಈ ಅವಧಿಯಲ್ಲಿ ಹೆತ್ತವರು ಸರ್ಕಾರದ ಸಾಮಾಜಿಕ ನೆರವು ಪಡೆದರೆ ಅಷ್ಟೂ ಹಣ ಮಗನ ಮೇಲಿನ ಸಾಲವಾಗುತ್ತದೆ. ಮಗನ ಕೆಲಸ ಹೋಯಿತು, ಸಂಸಾರ ಒಡೆಯಿತು, ತಂದೆಯೊಡನೆ ಮನಸ್ತಾಪ ಬಂತು ಎಂಬ ಕಾರಣಕ್ಕೆ ಮುಚ್ಚಳಿಕೆ ರದ್ದಾಗುವುದಿಲ್ಲ. ಇಂತಹ ಸಾಲದ ವಿರುದ್ಧ ಎಂಟು ಮಂದಿ ಹೊಣೆಗಾರರು ಹೂಡಿದ್ದ ‘ಮಾವಿ’ ಮೊಕದ್ದಮೆಯಲ್ಲಿ ಕೆನಡಾದ ಸರ್ವೋಚ್ಚ ನ್ಯಾಯಾಲಯವು 2011ರಲ್ಲಿ ತೀರ್ಪಿತ್ತಿತು: ಸರ್ಕಾರ ಅವರ ಪರಿಸ್ಥಿತಿಯನ್ನು ಕೇಳಿ ವಸೂಲಿಯನ್ನು ಮುಂದೂಡಬಹುದು, ಆದರೆ ಸಾಲ ಸಾಲವೇ.

ಆಡಿದ ಮಾತು ಪರಿಸ್ಥಿತಿ ಬದಲಾದ ಮೇಲೂ ಕಟ್ಟಿಹಾಕಬಲ್ಲುದೇ ಎಂಬುದು ತತ್ತ್ವಶಾಸ್ತ್ರದ ಬಹು ಹಳೆಯ ಚರ್ಚೆ. ಇಲ್ಲಿ ಕಾನೂನು ‘ಹೌದು’ ಎಂದು ಉತ್ತರಿಸಿದೆ. ನನ್ನನ್ನು ಚಿಂತೆಗೀಡುಮಾಡುವ ಅಂಶ ಬೇರೆ. ಅನೇಕ ಮನೆಗಳಲ್ಲಿ ಮಗ ಏನು ಬರೆದುಕೊಟ್ಟಿದ್ದಾನೆಂಬುದು ತಂದೆಗೂ ತಾಯಿಗೂ ತಿಳಿದೇ ಇರುವುದಿಲ್ಲ. ‘ನಮ್ಮ ವೀಸಾ ಆಗುತ್ತಿದೆ’ ಎಂದಷ್ಟೇ ಅವರು ಬಲ್ಲರು. ಸೊಸೆಯ ವರಮಾನವನ್ನೂ ಸೇರಿಸಿ ತೋರಿಸಿದಾಗ ಆಕೆಯೂ ಸಹಿ ಮಾಡಿ ಹೊಣೆಯಲ್ಲಿ ಪಾಲುಗಾರಳಾಗಿರುತ್ತಾಳೆ. ಅತ್ತೆಗೆ ಅದೂ ತಿಳಿದಿರುವುದಿಲ್ಲ. ತಿಳಿದಿದ್ದರೆ ಅತ್ತೆ ಸೊಸೆಯರ ಮಾತುಕತೆಯ ಧಾಟಿಯೇ ಬೇರೆಯಾಗುತ್ತಿತ್ತೇನೋ!

ಇನ್ನು ಸರದಿಯ ಮಾತು. 2020ರ ಶರತ್ಕಾಲದಲ್ಲಿ ಆಸಕ್ತಿಪತ್ರ ಸಲ್ಲಿಸಿದವರ ಪಟ್ಟಿಯಿಂದಲೇ ಮುಂದಿನ ವರ್ಷಗಳಲ್ಲಿಯೂ ಚೀಟಿ ಎತ್ತಿದಂತೆ ಹೆಸರುಗಳನ್ನು ಆರಿಸಲಾಯಿತು. 2025ರಲ್ಲಿ ಆಹ್ವಾನ ಹೋದ 17,860 ಮಂದಿಯೂ ಅದೇ ಹಳೆಯ ಪಟ್ಟಿಯವರು. ಹೀಗಿರುವಾಗ ‘ಇಂತಿಷ್ಟು ಲಕ್ಷ ಕೊಟ್ಟರೆ ತಂದೆತಾಯಿಯರ ಹೆಸರು ಮೇಲೆ ಬರುತ್ತದೆ’ ಎನ್ನುವ ದಲ್ಲಾಳಿಯ ಮಾತಿಗೆ ಅರ್ಥವೇ ಇಲ್ಲ. ಆಹ್ವಾನ ಬಂದರೂ ಮೂರು ವರ್ಷಗಳ ನಿಗದಿತ ವರಮಾನವನ್ನು ತೆರಿಗೆ ದಾಖಲೆಗಳಿಂದ ತೋರಿಸಬೇಕು.

ಮತ್ತೊಂದು ದಾರಿ 2011ರ ಡಿಸೆಂಬರಿನಲ್ಲಿ ಆರಂಭವಾದ ‘ಸೂಪರ್ ವೀಸಾ’. ಇದು ಖಾಯಂ ವಾಸವಲ್ಲ. 2022ರ ಜುಲೈಯಿಂದ ಒಂದು ಸಲ ಹೋದರೆ 5 ವರ್ಷದವರೆಗೆ ಇರಬಹುದು. ಕನಿಷ್ಠ 1 ಲಕ್ಷ ಡಾಲರ್ ಮೊತ್ತದ ಖಾಸಗಿ ಆರೋಗ್ಯ ವಿಮೆ ಕಡ್ಡಾಯ. ಎಪ್ಪತ್ತು ದಾಟಿದವರಿಗೆ ಅದರ ಕಂತು ಹಗುರವಲ್ಲ. ಆದರೂ ಮೊದಲು ಈ ದಾರಿಯಲ್ಲಿ ಹೋಗಿಬನ್ನಿರೆಂದೇ ನಾನು ಹಿರಿಯರಿಗೆ ಹೇಳುತ್ತೇನೆ. ಒಂದು ಚಳಿಗಾಲವನ್ನು ಅಲ್ಲಿ ಕಳೆಯಿರಿ. ಮಕ್ಕಳಿಬ್ಬರೂ ಕೆಲಸಕ್ಕೆ ಹೋದ ಮೇಲೆ ಹಿಮ ಮುಚ್ಚಿದ ಮನೆಯಲ್ಲಿ ಮೊಮ್ಮಗುವಿನೊಡನೆ ಹಗಲು ಹೇಗೆ ಸಾಗುತ್ತದೆಂದು ನೋಡಿರಿ. ಅಲ್ಲಿಯವರೆಗೆ ಇಲ್ಲಿನ ಮನೆಯನ್ನು ಮಾರಬೇಡಿರಿ. ಖಾಯಂ ನಿವಾಸಿಯಾದವರು ಆ ಸ್ಥಾನ ಉಳಿಸಿಕೊಳ್ಳಲು ಪ್ರತಿ 5 ವರ್ಷಗಳಲ್ಲಿ 730 ದಿನ ಕೆನಡಾದಲ್ಲಿರಬೇಕು. ‘ಅಲ್ಲಿಗೂ ಸೇರಿ ಇಲ್ಲಿಗೂ ಸೇರಿ’ ಎಂಬ ಬಾಳು ವಯಸ್ಸಾದಂತೆ ಕಷ್ಟಕರ.

ಯುವಕರಿಗೂ ಒಂದು ಎಚ್ಚರಿಕೆ ಅಗತ್ಯ. ಖಾಯಂ ವಾಸಕ್ಕೆ ಅರ್ಜಿ ಹಾಕಿದ ಮೇಲೆ, ಅನುಮತಿ ಬಂದು ಅಲ್ಲಿ ನೆಲೆಯೂರುವ ಮೊದಲು, ರಜೆಯಲ್ಲಿ ಊರಿಗೆ ಬಂದು ಮದುವೆಯಾಗುವವರಿದ್ದಾರೆ. ಅದನ್ನು ವಲಸೆ ಅಧಿಕಾರಿಗಳಿಗೆ ತಿಳಿಸಿದರೆ ವಿಳಂಬವಾದೀತೆಂದು ಮುಚ್ಚಿಡುತ್ತಾರೆ. ಆ ದೇಶದ ನಿಯಮದ ಪ್ರಕಾರ, ಅಂದು ಘೋಷಿಸದ ಮತ್ತು ಪರಿಶೀಲನೆಗೆ ಒಳಪಡದ ಪತ್ನಿಯನ್ನಾಗಲಿ ಮಗುವನ್ನಾಗಲಿ ಮುಂದೆ ಕುಟುಂಬ ವರ್ಗದಲ್ಲಿ ಕರೆಸಿಕೊಳ್ಳುವಂತಿಲ್ಲ. ಕೆಲವು ತಿಂಗಳು ಉಳಿಸಲು ಹೋಗಿ ಹೊಸ ವಧುವನ್ನು ವರ್ಷಗಟ್ಟಲೆ ತವರಿನಲ್ಲಿ ಕೂರಿಸಿದಂತಾಗುತ್ತದೆ. ಮದುವೆಯ ದಿನ ಗೊತ್ತುಮಾಡಲು ಬರುವವರೊಡನೆ ನಾನು ಇದನ್ನು ತಪ್ಪದೆ ಕೇಳುತ್ತೇನೆ. ಕೆಲವರಿಗೆ ಇದು ಗುರುಗಳ ಅಧಿಕಪ್ರಸಂಗವೆನಿಸುತ್ತದೆ, ಇರಲಿ.

ಕೊನೆಯದಾಗಿ ದಾಖಲೆಗಳ ಬಗ್ಗೆ. ಜನನ ಮರಣ ನೋಂದಣಿ ಕಾಯ್ದೆ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಹುಟ್ಟಿದ ಅನೇಕರ ಬಳಿ ಜನನ ಪ್ರಮಾಣಪತ್ರವಿಲ್ಲ; ಚರ್ಚಿನ ಜ್ಞಾನಸ್ನಾನದ ಪುಸ್ತಕವೇ ಆಧಾರ. ಅಮೆರಿಕದ ವಲಸೆ ನಿಯಮಗಳು, ಜನನ ಪ್ರಮಾಣಪತ್ರ ದೊರೆಯದಿದ್ದಾಗ ಚರ್ಚಿನ ದಾಖಲೆಯನ್ನು ದ್ವಿತೀಯ ಪುರಾವೆಯಾಗಿ ಹೆಸರಿಸಿವೆ. ಆದರೆ ಪುಸ್ತಕದಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು, ಪಾಸ್‌ಪೋರ್ಟಿನಲ್ಲಿ ಮಗದೊಂದು. ‘ಸ್ವಲ್ಪ ತಿದ್ದಿಕೊಡಿ ಫಾದರ್’ ಎಂದು ಕೇಳುವವರಿಗೆ ನಾನು ಇಲ್ಲವೆನ್ನಲೇಬೇಕಾಗುತ್ತದೆ. ತಿದ್ದುಪಡಿಗೆ ಆಧಾರಪತ್ರಗಳೂ ಬಿಷಪರ ಕಚೇರಿಯ ಒಪ್ಪಿಗೆಯೂ ಬೇಕು. ಇದಕ್ಕೆ ಸಮಯ ಹಿಡಿಯುತ್ತದೆ. ಆದ್ದರಿಂದ ವಿಮಾನದ ಟಿಕೆಟು ಕೊಳ್ಳುವ ವಾರದಲ್ಲಲ್ಲ, ಅರ್ಜಿ ಹಾಕುವ ಯೋಚನೆ ಮೂಡಿದಾಗಲೇ ಹೆತ್ತವರ ಮೂರು ದಾಖಲೆಗಳನ್ನೂ ಅಕ್ಕಪಕ್ಕ ಇಟ್ಟು ಓದಿ, ವ್ಯತ್ಯಾಸ ಕಂಡರೆ ಅವರು ಜ್ಞಾನಸ್ನಾನ ಪಡೆದ ಧರ್ಮಕೇಂದ್ರದ ಕಚೇರಿಗೆ ಬರುವುದು ಒಳ್ಳೆಯದು.