ಶಿವನಸಮುದ್ರದಿಂದ ಚಿನ್ನದ ಗಣಿಗೆ

ಮಕ್ಕಳೇ, ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ರೈಲಿನಲ್ಲಿ ಹೋಗುವಾಗ ಕೆ.ಜಿ.ಎಫ್. ಗಣಿಯ ಮಣ್ಣಿನ ದಿಬ್ಬಗಳನ್ನು ನೋಡಿರಬಹುದು. 2001ರಲ್ಲಿ ಮುಚ್ಚಿದ ಈ ಗಣಿಗಳಿಗೆ 1902ರಲ್ಲೇ ಶಿವನಸಮುದ್ರದಿಂದ ವಿದ್ಯುತ್ ಬಂದಿತ್ತು. ಬೆಂಗಳೂರಿಗೆ ಬಂದದ್ದು 1905ರಲ್ಲಿ! ದೂರ ಸುಮಾರು 147 ಕಿ.ಮೀ. ಅಷ್ಟುದ್ದದ ತಂತಿ ಬಿಸಿಯಾಗಿ ವಿದ್ಯುತ್ತೆಲ್ಲ ದಾರಿಯಲ್ಲೇ ನಷ್ಟವಾಗಲಿಲ್ಲವೇ?

ಲೆಕ್ಕ ಮಾಡಿ ನೋಡೋಣ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಸಾಮರ್ಥ್ಯ, ಅಂದರೆ ವ್ಯಾಟ್. ವೋಲ್ಟನ್ನು ಆಂಪಿಯರಿನಿಂದ ಭಾಗಿಸಿದರೆ ರೋಧ, ಅಂದರೆ ಓಮ್.

ಸುಲಭವಾಗಲೆಂದು ತಂತಿಯ ರೋಧ 10 ಓಮ್, ಕಳಿಸಬೇಕಾದದ್ದು 3,00,000 ವ್ಯಾಟ್ ಎಂದುಕೊಳ್ಳಿ. (ನಿಜವಾದ ಮಾರ್ಗ ಇಷ್ಟು ಸರಳವಲ್ಲ.) 3,000 ವೋಲ್ಟಿನಲ್ಲಿ ಕಳಿಸಿದರೆ 100 ಆಂಪಿಯರ್ ಹರಿಯಬೇಕು. ಆಗ ತಂತಿಯೇ 100 × 10 = 1,000 ವೋಲ್ಟ್ ನುಂಗುತ್ತದೆ. ನಷ್ಟ 1,000 × 100 = 1,00,000 ವ್ಯಾಟ್. ಮೂರರಲ್ಲಿ ಒಂದು ಪಾಲು ಹೋಯಿತು!

30,000 ವೋಲ್ಟಿನಲ್ಲಿ ಕಳಿಸಿದರೆ? 10 ಆಂಪಿಯರ್ ಸಾಕು. ತಂತಿ ನುಂಗುವುದು 100 ವೋಲ್ಟ್, ನಷ್ಟ 1,000 ವ್ಯಾಟ್ ಮಾತ್ರ. ಪ್ರವಾಹ ಹತ್ತರಲ್ಲಿ ಒಂದಾದರೆ ನಷ್ಟ ನೂರರಲ್ಲಿ ಒಂದಾಗುತ್ತದೆ. ಶಿವನಸಮುದ್ರದ ಎಂಜಿನಿಯರರು ಆರಿಸಿಕೊಂಡದ್ದೂ 30,000ಕ್ಕೆ ಕಡಿಮೆಯಿಲ್ಲದ ವೋಲ್ಟನ್ನೇ. ಗಣಿಯ ಬಳಿ ಟ್ರಾನ್ಸ್‌ಫಾರ್ಮರ್ ಇಟ್ಟು ಅದನ್ನು ತಗ್ಗಿಸಿ ಯಂತ್ರಗಳಿಗೆ ಕೊಡುತ್ತಿದ್ದರು.

ಇಲ್ಲಿ ಶಿಕ್ಷಕರೂ ಎಡವುವುದುಂಟು. 30,000ವನ್ನು 10ರಿಂದ ಭಾಗಿಸಿ ತಂತಿಯ ರೋಧ 3,000 ಓಮ್ ಎನ್ನುತ್ತಾರೆ. ಅದು ತಪ್ಪು. ತಂತಿಯ ಎರಡು ತುದಿಗಳ ನಡುವಿನ ವ್ಯತ್ಯಾಸ 100 ವೋಲ್ಟ್ ಅಷ್ಟೇ, ಭಾಗಿಸಬೇಕಾದದ್ದು ಅದನ್ನು.

15,000 ವೋಲ್ಟಿನಲ್ಲಿ ಕಳಿಸಿದ್ದರೆ ನಷ್ಟ ಎಷ್ಟಾಗುತ್ತಿತ್ತು? ನೀವೇ ಮಾಡಿ. 4,000 ವ್ಯಾಟ್ ಬಂದರೆ ಸರಿ.